ವಿದ್ಯಾರ್ಥಿಗಳ ತೊಡಗುವಿಕೆಯನ್ನು ಸಮೀಕ್ಷೆಯಿಂದ ಅಳೆಯುವುದು ಹೇಗೆ: ವಿಶ್ವವಿದ್ಯಾಲಯ ಮತ್ತು ಕಾಲೇಜುಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಮ್ಮ ಬಹುತೇಕ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಕೈಗೆ ಒಂದು ಫೀಡ್‌ಬ್ಯಾಕ್ ಫಾರಂ ಬರುತ್ತದೆ. ಅಧ್ಯಾಪಕರು ಸಮಯಕ್ಕೆ ಸರಿಯಾಗಿ ಬರುತ್ತಿದ್ದರೇ, ಪಾಠ ಅರ್ಥವಾಯಿತೇ, ಪ್ರಯೋಗಾಲಯ ಹೇಗಿದೆ, ಕುಡಿಯುವ ನೀರು ಇದೆಯೇ ಎಂದು ಅದು ಕೇಳುತ್ತದೆ. ಈ ಪ್ರಶ್ನೆಗಳೆಲ್ಲ ಬೇಕಾದವೇ. ಆದರೆ ಆ ಹದಿನೈದು ವಾರಗಳಲ್ಲಿ ವಿದ್ಯಾರ್ಥಿಗಳು ತಾವೇ ಏನು ಮಾಡಿದರು, ಪಠ್ಯದಾಚೆಗೆ ಏನಾದರೂ ಓದಿದರೇ, ಬರೆದದ್ದನ್ನು ತಿದ್ದಿ ಮತ್ತೆ ಬರೆದರೇ, ಗೊತ್ತಾಗದ್ದನ್ನು ಯಾರ ಬಳಿಯಾದರೂ ಕೇಳಿದರೇ ಎಂಬುದು ಆ ಫಾರಂನಿಂದ ತಿಳಿಯುವುದಿಲ್ಲ. ಅದನ್ನು ತಿಳಿಯಲು ನಡೆಸುವ ಸಮೀಕ್ಷೆಯೇ ಬೇರೆ. ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಕೋಶ) ಸಂಯೋಜಕರು, ವಿಭಾಗದ ಮುಖ್ಯಸ್ಥರು, ಶಿಕ್ಷಣಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಗಳು ಅಂಥದೊಂದು ಸಮೀಕ್ಷೆಯನ್ನು ಸ್ವಂತ ಶಕ್ತಿಯಲ್ಲಿಯೇ ನಡೆಸಲು ಅನುಕೂಲವಾಗುವಂತೆ ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ.

ತೃಪ್ತಿ ಮತ್ತು ತೊಡಗುವಿಕೆ

ಬೆಂಗಳೂರಿನ ನಾಗರಬಾವಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ, 1994ರಲ್ಲಿ ಸ್ಥಾಪನೆಯಾದ, ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟವನ್ನು ಪರಿಶೀಲಿಸಿ ಮಾನ್ಯತೆ ನೀಡುವ ನ್ಯಾಕ್ ಸಂಸ್ಥೆಯು 2017ರ ಪರಿಷ್ಕೃತ ಮಾನ್ಯತಾ ಚೌಕಟ್ಟಿನಲ್ಲಿ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯನ್ನು ಸೇರಿಸಿತು. ಆಯ್ಕೆ ಉತ್ತರದ 20 ಪ್ರಶ್ನೆಗಳು ಮತ್ತು ಸ್ವಂತ ಮಾತಿನಲ್ಲಿ ಉತ್ತರಿಸಬೇಕಾದ ಒಂದು ಪ್ರಶ್ನೆ ಅದರಲ್ಲಿವೆ. ಅದರ ಮೊದಲ ಪ್ರಶ್ನೆಯೇ ತರಗತಿಯಲ್ಲಿ ಪಠ್ಯಕ್ರಮದ ಎಷ್ಟು ಭಾಗ ಮುಗಿಯಿತು ಎಂಬುದು. ಇಲ್ಲಿ ಕೆಲಸ ಮಾಡುವವರು ಅಧ್ಯಾಪಕರು, ವಿದ್ಯಾರ್ಥಿಗಳು ಅದಕ್ಕೆ ಸಾಕ್ಷಿ ಮಾತ್ರ. ತೊಡಗುವಿಕೆಯ ಸಮೀಕ್ಷೆಯಲ್ಲಿ ಕರ್ತೃ ಬದಲಾಗುತ್ತಾರೆ. ಅಲ್ಲಿ ಪ್ರತಿ ಪ್ರಶ್ನೆಯೂ ವಿದ್ಯಾರ್ಥಿಯ ಕೆಲಸ, ಸಮಯ ಮತ್ತು ಶ್ರಮದ ಬಗ್ಗೆ, ಹಾಗೂ ಅಂಥ ಶ್ರಮಕ್ಕೆ ಸಂಸ್ಥೆಯು ಎಷ್ಟು ಆಸ್ಪದ ಕೊಟ್ಟಿದೆ ಎಂಬುದರ ಬಗ್ಗೆ ಇರುತ್ತದೆ. ಎಲ್ಲದರಲ್ಲೂ ತೃಪ್ತಿಯಾಗಿ, ಗೈಡ್ ಓದಿಯೇ ಪಾಸಾಗುವ ವಿದ್ಯಾರ್ಥಿಗಳು ಇರುತ್ತಾರೆ. ಕಾಲೇಜಿನ ಮೇಲೆ ನೂರು ದೂರುಗಳಿದ್ದರೂ ಗ್ರಂಥಾಲಯ ಮುಚ್ಚುವವರೆಗೆ ಕೂರುವವರೂ ಇರುತ್ತಾರೆ. ಎರಡನ್ನೂ ಒಂದೇ ಅಂಕಿಯಲ್ಲಿ ಕಟ್ಟಿಹಾಕಿದರೆ ಎರಡೂ ಸಿಗುವುದಿಲ್ಲ.

ಈ ವಿಚಾರಕ್ಕೆ ದೀರ್ಘ ಹಿನ್ನೆಲೆಯಿದೆ. ವಿದ್ಯಾರ್ಥಿಗಳು ಹಾಕುವ ಶ್ರಮದ ಗುಣಮಟ್ಟವನ್ನು ಅಳೆಯಲು ಅಮೆರಿಕದ ರಾಬರ್ಟ್ ಪೇಸ್ 1979ರಲ್ಲಿಯೇ ಒಂದು ಪ್ರಶ್ನಾವಳಿಯನ್ನು ರೂಪಿಸಿದ್ದರು. ಓದಿಗೆ ಹಾಕುವ ದೈಹಿಕ ಮತ್ತು ಮಾನಸಿಕ ಶಕ್ತಿಯೇ ಕಲಿಕೆಯ ಮೂಲವೆಂಬ ಸಿದ್ಧಾಂತವನ್ನು ಅಲೆಕ್ಸಾಂಡರ್ ಆಸ್ಟಿನ್ 1984ರಲ್ಲಿ ಮಂಡಿಸಿದರು. ಈ ತಳಹದಿಯ ಮೇಲೆ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಕೂ ಅವರ ನೇತೃತ್ವದಲ್ಲಿ ‘ನ್ಯಾಷನಲ್ ಸರ್ವೆ ಆಫ್ ಸ್ಟೂಡೆಂಟ್ ಎಂಗೇಜ್‌ಮೆಂಟ್’ ಎಂಬ ಸಮೀಕ್ಷೆ ಬೆಳೆದು, 2000ದಲ್ಲಿ ರಾಷ್ಟ್ರಮಟ್ಟದಲ್ಲಿ ಆರಂಭವಾಯಿತು. ಬಲ್ಲವರು ಅದನ್ನು ‘ನೆಸ್ಸಿ’ ಎಂದೇ ಕರೆಯುತ್ತಾರೆ. ಪ್ರತಿಷ್ಠೆಯನ್ನು ಎಣಿಸುವ ರ‍್ಯಾಂಕಿಂಗ್ ಪಟ್ಟಿಗಳ ಬದಲು ಕಲಿಕೆಯನ್ನು ಗಮನಿಸುವ ಅಳತೆಗೋಲು ಬೇಕೆಂಬುದು ಅದರ ಹಿಂದಿನ ಆಶಯವಾಗಿತ್ತು. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಚೀನಾ, ಐರ್ಲೆಂಡ್ ಮತ್ತು ಬ್ರಿಟನ್‌ಗಳಲ್ಲಿ ಅದನ್ನು ಹೋಲುವ ಸಮೀಕ್ಷೆಗಳು ಬಂದಿವೆ. ಅದರ ಪ್ರಶ್ನೆಗಳಿಗೆ ಹಕ್ಕುಸ್ವಾಮ್ಯವಿರುವುದರಿಂದ ಅನುಮತಿಯಿಲ್ಲದೆ ಎತ್ತಿ ಬಳಸುವಂತಿಲ್ಲ; ಆದರೆ ಅದರ ಚೌಕಟ್ಟನ್ನು ನೋಡಿ ಕಲಿಯಲು ಅಡ್ಡಿಯಿಲ್ಲ.

ಮೊದಲ ಹೆಜ್ಜೆ: ಉತ್ತರ ಬಂದರೆ ಏನು ಮಾಡುತ್ತೀರಿ?

ಪ್ರಶ್ನಾವಳಿ ಬರೆಯುವ ಮೊದಲು ಒಂದು ಹಾಳೆಯಲ್ಲಿ ಎರಡೇ ಸಂಗತಿಗಳನ್ನು ಬರೆದುಕೊಳ್ಳಿ: ಈ ಸಮೀಕ್ಷೆಯ ಫಲಿತಾಂಶವನ್ನು ಯಾರು ಓದುತ್ತಾರೆ ಮತ್ತು ಅದನ್ನು ಓದಿ ಅವರು ಯಾವ ತೀರ್ಮಾನವನ್ನು ಬದಲಿಸಬಲ್ಲರು. ಮೊದಲ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅಸೈನ್‌ಮೆಂಟನ್ನು ನಕಲು ಮಾಡುತ್ತಾರೆಂದು ತಿಳಿದರೆ ಅಸೈನ್‌ಮೆಂಟಿನ ಸ್ವರೂಪವನ್ನು ಬದಲಿಸುವ ಅಧಿಕಾರ ವಿಭಾಗಕ್ಕೆ ಇದೆಯೇ? ಇದ್ದರೆ ಆ ಪ್ರಶ್ನೆ ಪಟ್ಟಿಯಲ್ಲಿರಲಿ. ಸಂಯೋಜಿತ ಕಾಲೇಜೊಂದು ಬದಲಿಸಲಾಗದ ಪಠ್ಯಕ್ರಮದ ಬಗ್ಗೆ ಹತ್ತು ಪ್ರಶ್ನೆ ಕೇಳುವುದರಿಂದ ವಿದ್ಯಾರ್ಥಿಗಳ ಸಮಯವೂ ನಂಬಿಕೆಯೂ ಕರಗುತ್ತವೆ. ನ್ಯಾಕ್ ಕಡತಕ್ಕೆ ಒಂದು ದಾಖಲೆ ಬೇಕೆಂಬುದಷ್ಟೇ ಉದ್ದೇಶವಾಗಿದ್ದರೆ, ಅದಕ್ಕೆ ಈಗಿರುವ ಫೀಡ್‌ಬ್ಯಾಕ್ ಫಾರಂ ಧಾರಾಳವಾಗಿ ಸಾಕು. ಈ ಶ್ರಮ ಬೇಡ.

ಎರಡನೆಯ ಹೆಜ್ಜೆ: ತೊಡಗುವಿಕೆಯನ್ನು ಕಾಣುವ ಕೆಲಸಗಳಾಗಿ ಒಡೆಯುವುದು

‘ತೊಡಗುವಿಕೆ’ ಎಂಬುದು ಕಣ್ಣಿಗೆ ಕಾಣದು. ಅದನ್ನು ಮೊದಲು ಕೆಲವು ಮುಖಗಳಾಗಿಯೂ, ಪ್ರತಿ ಮುಖವನ್ನು ನಾಲ್ಕೈದು ಕಾಣುವ ಕೆಲಸಗಳಾಗಿಯೂ ಒಡೆಯಬೇಕು. ಶೈಕ್ಷಣಿಕ ಮನೋವಿಜ್ಞಾನದಲ್ಲಿ ವರ್ತನೆ, ಭಾವನೆ ಮತ್ತು ಚಿಂತನೆ ಎಂಬ ಮೂರು ಮುಖಗಳನ್ನು ಗುರುತಿಸುವುದು ರೂಢಿ. 2013ರಲ್ಲಿ ಪರಿಷ್ಕರಿಸಲಾದ ನೆಸ್ಸಿಯು ಓದಿನ ಸವಾಲು, ಸಹಪಾಠಿಗಳೊಂದಿಗಿನ ಕಲಿಕೆ, ಅಧ್ಯಾಪಕರೊಂದಿಗಿನ ಅನುಭವ ಮತ್ತು ಕ್ಯಾಂಪಸ್ ವಾತಾವರಣ ಎಂಬ ನಾಲ್ಕು ವಿಷಯಗಳ ಅಡಿಯಲ್ಲಿ ಹತ್ತು ಸೂಚಕಗಳನ್ನು ಇಟ್ಟುಕೊಂಡಿದೆ. ಇದಲ್ಲದೆ ಇಂಟರ್ನ್‌ಶಿಪ್, ಅಧ್ಯಾಪಕರೊಂದಿಗೆ ಸಂಶೋಧನೆ, ಕೊನೆಯ ವರ್ಷದ ಪ್ರಾಜೆಕ್ಟ್ ಮುಂತಾದ ಆರು ಚಟುವಟಿಕೆಗಳನ್ನು ಪ್ರತ್ಯೇಕವಾಗಿ ಕೇಳುತ್ತದೆ. ಮೊದಲ ಬಾರಿ ಸಮೀಕ್ಷೆ ಮಾಡುವವರು ಹತ್ತು ಸೂಚಕಗಳ ಆಸೆಗೆ ಬೀಳದೆ ಮೂರು ಅಥವಾ ನಾಲ್ಕನ್ನು ಆರಿಸಿಕೊಂಡು, ಒಟ್ಟು ಪ್ರಶ್ನೆಗಳು ಮೂವತ್ತನ್ನು ಮೀರದಂತೆ ನೋಡಿಕೊಳ್ಳುವುದು ಲೇಸು.

ನಮ್ಮ ಪರಿಸರಕ್ಕೆ ಹೊಂದದ ಸೂಚಕಗಳ ಬಗ್ಗೆ ಇಲ್ಲಿ ಎಚ್ಚರ ಬೇಕು. 120 ಮಂದಿ ಕೂತಿರುವ ಬಿ.ಕಾಂ. ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳದವರೆಲ್ಲ ಕಲಿಕೆಯಿಂದ ದೂರ ಉಳಿದವರೆಂದು ತಿಳಿಯುವುದು ತಪ್ಪು. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಪಾಠ ಕೇಳುತ್ತಿರುವ ವಿದ್ಯಾರ್ಥಿನಿ ತನ್ನ ಅನುಮಾನವನ್ನು ಕಾರಿಡಾರಿನಲ್ಲಿ ಗೆಳತಿಯ ಬಳಿ, ರಾತ್ರಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಅಥವಾ ಪಾಠ ಮುಗಿದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ಕೇಳಿರಬಹುದು. ಈ ಮೂರೂ ಜಾಗಗಳು ಪ್ರಶ್ನಾವಳಿಯಲ್ಲಿ ಇರಬೇಕು. ಹಾಜರಾತಿಯನ್ನು ತೊಡಗುವಿಕೆಯ ಅಳತೆಯಾಗಿ ಬಳಸುವುದಂತೂ ವ್ಯರ್ಥ. 75% ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ನಿಯಮ ಇರುವಲ್ಲಿ ಹಾಜರಾತಿಯು ನಿಯಮಪಾಲನೆಯನ್ನಷ್ಟೇ ಹೇಳುತ್ತದೆ. ಎನ್‌ಎಸ್‌ಎಸ್ ಶಿಬಿರವನ್ನು ಸೇರಿಸುವುದಾದರೆ, ಅದು ಯಾವುದಾದರೂ ವಿಷಯದ ಕಲಿಕೆಗೆ ಜೋಡಣೆಯಾಗಿತ್ತೇ ಎಂಬುದನ್ನೂ ಕೇಳಿ.

ಸಮಯದ ಬಳಕೆಯ ಪ್ರಶ್ನೆಗಳನ್ನು ಬಿಡಬಾರದು. ವಾರಕ್ಕೆ ಎಷ್ಟು ಗಂಟೆ ಓದು, ಎಷ್ಟು ಗಂಟೆ ಬಸ್ ಪ್ರಯಾಣ, ಎಷ್ಟು ಗಂಟೆ ಸಂಬಳದ ಕೆಲಸ, ಎಷ್ಟು ಗಂಟೆ ಮನೆಗೆಲಸ ಅಥವಾ ಹೊಲದ ಕೆಲಸ ಎಂದು ಬೇರೆ ಬೇರೆಯಾಗಿ ಕೇಳಿದರೆ, ಸಂಜೆ ಐದಕ್ಕೆ ಗ್ರಂಥಾಲಯ ಖಾಲಿಯಾಗುವುದು ಸೋಮಾರಿತನದಿಂದಲೋ ಊರಿನ ಕೊನೆಯ ಬಸ್ಸಿನಿಂದಲೋ ಎಂಬುದು ಗೊತ್ತಾಗುತ್ತದೆ.

ಮೂರನೆಯ ಹೆಜ್ಜೆ: ಪ್ರಶ್ನೆಯನ್ನು ಕನ್ನಡದಲ್ಲಿ ಬರೆಯುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೆ. ಸಾಮಾನ್ಯವಾಗಿ ಅತಿ ಕಡಿಮೆ ಸಮಯ ಸಿಗುವುದೂ ಇದಕ್ಕೇ. ಇಂಗ್ಲಿಷ್ ಪ್ರಶ್ನಾವಳಿಯನ್ನು ಒಂದು ಮಧ್ಯಾಹ್ನ ಕೂತು ಅನುವಾದಿಸಿ ಮುಗಿಸಿದರೆ ಎರಡು ಭಾಷೆಯ ಉತ್ತರಗಳನ್ನು ಒಟ್ಟಿಗೆ ಕೂಡುವಂತಿಲ್ಲ.

ಇಂಥ ಸಮೀಕ್ಷೆಗಳಲ್ಲಿ ಉತ್ತರದ ಆಯ್ಕೆಗಳು ವಾಡಿಕೆಯಾಗಿ ‘ಎಂದೂ ಇಲ್ಲ, ಕೆಲವೊಮ್ಮೆ, ಆಗಾಗ, ತುಂಬಾ ಸಲ’ ಎಂಬಂತೆ ಇರುತ್ತವೆ. ಇವುಗಳಲ್ಲಿ ‘ಆಗಾಗ’ ಎಂಬ ಪದವೇ ತೊಡಕಿನದು. ಅದು ‘ಪದೇ ಪದೇ’ ಎಂಬರ್ಥದಲ್ಲಿಯೂ ‘ಅಪರೂಪಕ್ಕೊಮ್ಮೆ’ ಎಂಬುದಕ್ಕೆ ಹತ್ತಿರದ ಅರ್ಥದಲ್ಲಿಯೂ ಬಳಕೆಯಲ್ಲಿರುವುದರಿಂದ, ಒಬ್ಬರಿಗೆ ಅದು ‘ಕೆಲವೊಮ್ಮೆ’ಗಿಂತ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ. ಹೀಗಾದಾಗ ಅಳತೆಗೋಲಿನ ಗೆರೆಗಳೇ ಅದಲುಬದಲಾಗುತ್ತವೆ. ನನ್ನ ಅಭಿಪ್ರಾಯದಲ್ಲಿ ಕನ್ನಡದ ಪ್ರಶ್ನಾವಳಿಗೆ ಎಣಿಕೆಯೇ ಸರಿ: ‘ಈ ಸೆಮಿಸ್ಟರಿನಲ್ಲಿ ಒಮ್ಮೆಯೂ ಇಲ್ಲ; 1–2 ಸಲ; 3–5 ಸಲ; 6 ಅಥವಾ ಹೆಚ್ಚು ಸಲ.’ ನೆನಪು ಕೈಕೊಡದಂತೆ ಅವಧಿಯನ್ನು ಪ್ರಶ್ನೆಯಲ್ಲಿಯೇ ಹೇಳಬೇಕು. ದಿನನಿತ್ಯದ ಕೆಲಸವಾದರೆ ‘ಕಳೆದ ಏಳು ದಿನಗಳಲ್ಲಿ’, ಅಪರೂಪದ ಕೆಲಸವಾದರೆ ‘ಈ ಸೆಮಿಸ್ಟರಿನಲ್ಲಿ’ ಎಂದಿರಲಿ. ‘ಕಾಲೇಜಿಗೆ ಸೇರಿದಾಗಿನಿಂದ’ ಎಂಬುದನ್ನು ಇಂಟರ್ನ್‌ಶಿಪ್ಪಿನಂಥ ದೊಡ್ಡ ಸಂಗತಿಗಳಿಗೆ ಮಾತ್ರ ಉಳಿಸಿಕೊಳ್ಳಿ.

ನಕಾರದ ಪ್ರಶ್ನೆಗಳನ್ನು ಪೂರ್ಣವಾಗಿ ತೊರೆಯಿರಿ. ‘ನೀವು ಗ್ರಂಥಾಲಯದಿಂದ ಪುಸ್ತಕ ತಂದಿಲ್ಲವೇ?’ ಎಂದರೆ ‘ಹೌದು’ ಎಂದವರು ತಂದಿಲ್ಲವೆಂದು ಒಪ್ಪಿದರೋ, ತಂದಿದ್ದೇವೆ ಎಂದರೋ ಹೇಳಲಾಗದು. ಎರಡು ಸಂಗತಿಗಳನ್ನು ‘ಮತ್ತು’ ಹಾಕಿ ಜೋಡಿಸಿದ ಪ್ರಶ್ನೆಗಳದ್ದೂ ಅದೇ ಪಾಡು: ‘ಅಧ್ಯಾಪಕರು ನಿಮ್ಮ ಬರಹವನ್ನು ಬೇಗ ಮತ್ತು ವಿವರವಾಗಿ ತಿದ್ದಿ ಕೊಟ್ಟರೇ?’ ಎಂಬುದಕ್ಕೆ, ಬೇಗ ಕೊಟ್ಟರೂ ಬರೀ ಟಿಕ್ ಹಾಕಿ ಕೊಟ್ಟಿದ್ದರೆ ಏನು ಉತ್ತರಿಸಬೇಕು? ‘ವಿಮರ್ಶಾತ್ಮಕ ಚಿಂತನೆ’, ‘ಅಂತರಶಿಸ್ತೀಯ ಅಧ್ಯಯನ’ದಂಥ ಪದಗಳನ್ನು ಬಿಟ್ಟು, ‘ಒಂದು ವಿಷಯದಲ್ಲಿ ಕಲಿತದ್ದನ್ನು ಬೇರೆ ವಿಷಯದ ಅಸೈನ್‌ಮೆಂಟಿನಲ್ಲಿ ಬಳಸಿದ್ದು’ ಎಂದು ಬರೆದರೆ ಎಲ್ಲರಿಗೂ ಒಂದೇ ಅರ್ಥ ಹೊಳೆಯುತ್ತದೆ.

ಪ್ರಶ್ನಾವಳಿ ಎರಡು ಭಾಷೆಗಳಲ್ಲಿದ್ದರೆ, ಕನ್ನಡ ರೂಪವನ್ನು, ಇಂಗ್ಲಿಷ್ ಮೂಲವನ್ನು ನೋಡಿರದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಎರಡನ್ನೂ ಹೋಲಿಸಿ. ಬಳಿಕ ಎಂಟು–ಹತ್ತು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ಪ್ರಶ್ನೆಯನ್ನು ಗಟ್ಟಿಯಾಗಿ ಓದಿಸಿ, ‘ಇದನ್ನು ಓದಿದಾಗ ನಿಮಗೆ ಏನು ನೆನಪಾಯಿತು?’ ಎಂದು ಕೇಳಿ. ‘ಸಹಪಾಠಿಗಳೊಂದಿಗೆ ಸೇರಿ ಪರೀಕ್ಷೆಗೆ ತಯಾರಿ’ ಎಂದರೆ ಒಬ್ಬರಿಗೆ ಒಟ್ಟಿಗೆ ಕೂತು ಲೆಕ್ಕ ಬಿಡಿಸುವುದು, ಇನ್ನೊಬ್ಬರಿಗೆ ನೋಟ್ಸಿನ ಫೋಟೊ ಕಳಿಸುವುದು ಎಂಬಂಥ ಬಿರುಕುಗಳು ಇಲ್ಲಿಯೇ ಕಾಣಿಸುತ್ತವೆ. ಇದಾದ ಮೇಲೆ ಮೂವತ್ತು–ನಲವತ್ತು ಮಂದಿಯ ಒಂದು ತರಗತಿಯಲ್ಲಿ ಪೂರ್ವಪರೀಕ್ಷೆ ಮಾಡಿ ಸಮಯ ನೋಡಿಕೊಳ್ಳಿ; ಹದಿನೈದು ನಿಮಿಷ ಮೀರಿದರೆ ಪ್ರಶ್ನೆಗಳನ್ನು ಕಡಿಮೆ ಮಾಡಿ.

ನಾಲ್ಕನೆಯ ಹೆಜ್ಜೆ: ಎಷ್ಟು ಮಂದಿಯನ್ನು, ಯಾವಾಗ ಕೇಳುವುದು

ಸೂತ್ರ ಸರಳವಾಗಿದೆ. ಶೇಕಡಾವಾರು ಉತ್ತರದಲ್ಲಿ ಶೇ 5ರಷ್ಟು ಆಚೀಚೆ ಇರಬಹುದು, 95% ಖಚಿತತೆ ಬೇಕು ಎಂದಾದರೆ ದೊಡ್ಡ ಸಮೂಹಕ್ಕೆ ಬೇಕಾದ ಉತ್ತರಗಳು ಸುಮಾರು 384. ಒಟ್ಟು ವಿದ್ಯಾರ್ಥಿಗಳು 2400 ಇದ್ದರೆ, 384ನ್ನು ‘1 + 383/2400’ರಿಂದ ಭಾಗಿಸಿದಾಗ 331 ಸಿಗುತ್ತದೆ. ನೂರಕ್ಕೆ ನಲವತ್ತು ಮಂದಿ ಉತ್ತರಿಸುತ್ತಾರೆಂದು ಅಂದಾಜಿಸಿದರೆ 828 ಮಂದಿಗೆ ಪ್ರಶ್ನಾವಳಿ ಕಳಿಸಬೇಕು. ಅದೇ ಸೂತ್ರವನ್ನು 60 ವಿದ್ಯಾರ್ಥಿಗಳ ಸ್ನಾತಕೋತ್ತರ ವಿಭಾಗಕ್ಕೆ ಹಾಕಿದರೆ 52 ಬರುತ್ತದೆ. ಅಲ್ಲಿ ಮಾದರಿಯ ಗೋಜಿಲ್ಲದೆ ಎಲ್ಲರನ್ನೂ ಕೇಳುವುದೇ ಜಾಣತನ. ಆ 331 ಉತ್ತರಗಳು ಒಟ್ಟು ಚಿತ್ರಕ್ಕೆ ಮಾತ್ರ ಸಾಕು ಎಂಬುದನ್ನು ಮರೆಯಬಾರದು. ಅವರಲ್ಲಿ ಮೊದಲ ವರ್ಷದ ವಿದ್ಯಾರ್ಥಿನಿಯರು 80 ಇದ್ದರೆ, ಅವರ ಬಗ್ಗೆ ಹೇಳುವ ಮಾತಿಗೆ ಶೇ 11ರಷ್ಟು ಆಚೀಚೆಯ ಅವಕಾಶ ಬಿಡಬೇಕಾಗುತ್ತದೆ. ಯಾವ ಗುಂಪುಗಳನ್ನು ಹೋಲಿಸಬೇಕೆಂದಿದ್ದೀರೋ ಆ ಗುಂಪುಗಳನ್ನು ಮೊದಲೇ ಪದರಗಳಾಗಿ ವಿಂಗಡಿಸಿ, ಪ್ರತಿ ಪದರದಿಂದ ಪ್ರವೇಶ ಪಟ್ಟಿಯನ್ನು ಆಧರಿಸಿ ಯಾದೃಚ್ಛಿಕವಾಗಿ ಹೆಸರು ಆರಿಸಿ. ಆ ದಿನ ತರಗತಿಯಲ್ಲಿ ಸಿಕ್ಕವರನ್ನು ಮಾತ್ರ ಕೇಳಿದರೆ, ನಾವು ಹುಡುಕುತ್ತಿರುವ ‘ತೊಡಗದವರೇ’ ಲೆಕ್ಕದಿಂದ ಜಾರಿಹೋಗುತ್ತಾರೆ.

ಸಮಯದ ಮಟ್ಟಿಗೆ, ಮೊದಲ ಇಂಟರ್ನಲ್ಸ್ ಮುಗಿದ ಮೇಲೆ, ಪರೀಕ್ಷೆಯ ಬಿಸಿ ತಟ್ಟುವ ಮೊದಲು, ಅಂದರೆ ಹತ್ತನೆಯ ಮತ್ತು ಹನ್ನೆರಡನೆಯ ವಾರಗಳ ನಡುವೆ ನಡೆಸುವುದು ಸೂಕ್ತ. ಕಾಲೇಜು ಫೆಸ್ಟಿನ ವಾರವನ್ನು ತಪ್ಪಿಸಿ.

ಐದನೆಯ ಹೆಜ್ಜೆ: ಭಯವಿಲ್ಲದೆ ಉತ್ತರಿಸುವ ಏರ್ಪಾಡು

ಇಂಟರ್ನಲ್ ಅಂಕಗಳು ಯಾರ ಕೈಯಲ್ಲಿವೆಯೋ ಅವರೇ ಪ್ರಶ್ನಾವಳಿ ಹಂಚಿ, ಸಂಗ್ರಹಿಸಿ, ಮೇಜಿನ ಮೇಲೆ ಇಟ್ಟುಕೊಂಡರೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಗ್ರಂಥಾಲಯದ ಖಾಯಂ ನಿವಾಸಿಯಾಗಿಬಿಡುತ್ತಾನೆ. ಕಾಗದದ ಮೇಲಾದರೆ ಬೇರೆ ವಿಭಾಗದ ಸಿಬ್ಬಂದಿ ಬಂದು ಹಂಚಲಿ, ತರಗತಿಯ ಅಧ್ಯಾಪಕರು ಹೊರಗಿರಲಿ, ಉತ್ತರಗಳು ಅಂಟಿಸಿದ ಲಕೋಟೆಯಲ್ಲಿ ಹೋಗಲಿ. ಗೂಗಲ್ ಫಾರ್ಮ್ಸ್ ಬಳಸುವುದಾದರೆ ಇಮೇಲ್ ವಿಳಾಸ ಸಂಗ್ರಹಿಸುವ ಆಯ್ಕೆ ಚಾಲೂ ಇದೆಯೇ ಎಂದು ನೋಡಿ ಅದನ್ನು ನಿಲ್ಲಿಸಿ. ಒಬ್ಬರಿಗೆ ಒಂದೇ ಉತ್ತರ ಎಂಬ ನಿರ್ಬಂಧ ಹಾಕಿದರೆ ಲಾಗಿನ್ ಕೇಳುತ್ತದೆ. ಅದನ್ನು ಕಂಡು ಹಿಂಜರಿಯುವವರಿಗೆ ಕಾರಣವನ್ನು ಮೊದಲ ಪುಟದಲ್ಲಿಯೇ ವಿವರಿಸಿ.

ಹೆಸರಿಲ್ಲದಿರುವುದು ಮತ್ತು ಗೌಪ್ಯವಾಗಿರುವುದು ಎರಡೂ ಒಂದಲ್ಲ. ಅಂಕಗಳೊಂದಿಗೆ ಹೋಲಿಸಲು ರಿಜಿಸ್ಟರ್ ನಂಬರ್ ಬೇಕೆಂದಾದರೆ, ಅದು ಯಾರಿಗೆ ಕಾಣುತ್ತದೆ, ಯಾವಾಗ ಅಳಿಸಲಾಗುತ್ತದೆ ಎಂದು ಬರೆದು ಒಪ್ಪಿಗೆ ಪಡೆಯಬೇಕು. ನಂಬರ್ ಕೇಳಿ, ಮೇಲೆ ‘ಅನಾಮಧೇಯ’ ಎಂದು ಅಚ್ಚು ಹಾಕುವುದು ವಂಚನೆ. ಪಿಯುಸಿ ಮುಗಿಸಿ ಬಂದ ಮೊದಲ ವರ್ಷದವರಲ್ಲಿ 17ರ ವಯಸ್ಸಿನವರೂ ಇರುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ತುಂಬದವರನ್ನು ಮಕ್ಕಳೆಂದು ಪರಿಗಣಿಸಿ ಪೋಷಕರ ಒಪ್ಪಿಗೆಯನ್ನು ಅಪೇಕ್ಷಿಸುತ್ತದೆ. ಗುರುತು ಪತ್ತೆಯಾಗುವಂಥ ಮಾಹಿತಿಯನ್ನೇ ಕೇಳದಿರುವುದು ಈ ತೊಡಕಿನಿಂದ ಪಾರಾಗುವ ಸುಲಭ ದಾರಿ.

ಉತ್ತರಿಸುವವರ ಸಂಖ್ಯೆ ಹೆಚ್ಚಲು ಒಂದು ಪೂರ್ವಸೂಚನೆ, ಒಂದು ಆಹ್ವಾನ ಮತ್ತು ಎರಡು–ಮೂರು ನೆನಪೋಲೆಗಳು ಸಾಕು. ಸಿಆರ್‌ಗಳ (ತರಗತಿ ಪ್ರತಿನಿಧಿಗಳ) ಮೂಲಕ ಹೋದರೆ ಇನ್ನೂ ಒಳಿತು. ಫಾರಂ ತುಂಬದವರಿಗೆ ಹಾಲ್ ಟಿಕೆಟ್ ಇಲ್ಲ ಎಂಬ ಷರತ್ತು ಹಾಕಿದರೆ ನೂರಕ್ಕೆ ನೂರು ಉತ್ತರ ಬರುತ್ತದೆ, ಆದರೆ ಸಾಲಿನಲ್ಲಿ ನಿಂತು ಒಂದೇ ನಿಮಿಷದಲ್ಲಿ ಒತ್ತಿದ ಉತ್ತರಗಳು ಅವು.

ಆರನೆಯ ಹೆಜ್ಜೆ: ಲೆಕ್ಕ

ಮೊದಲು ಕಸ ಗುಡಿಸಬೇಕು. ಎಲ್ಲ ಪ್ರಶ್ನೆಗಳಿಗೂ ಒಂದೇ ಆಯ್ಕೆಯನ್ನು ಒತ್ತಿದವರು, ಮೂವತ್ತು ಪ್ರಶ್ನೆಗಳನ್ನು ಎರಡು ನಿಮಿಷದೊಳಗೆ ಮುಗಿಸಿದವರು, ವಾರಕ್ಕೆ ಇರುವ 168 ಗಂಟೆಗಳಿಗಿಂತ ಹೆಚ್ಚನ್ನು ಲೆಕ್ಕ ಕೊಟ್ಟವರು ಯಾರೆಂದು ಗುರುತಿಸಿ, ಬಿಡುವ ನಿಯಮವನ್ನು ಫಲಿತಾಂಶ ನೋಡುವ ಮೊದಲೇ ಬರೆದಿಡಿ. ಆಮೇಲೆ ನೋಡಿ ಬಿಟ್ಟರೆ ಬೇಡವಾದ ಉತ್ತರಗಳೇ ಕಸವಾಗಿ ಕಾಣತೊಡಗುತ್ತವೆ.

ಅಂಕ ಕೊಡಲು ನೆಸ್ಸಿಯ ವಿಧಾನ ಅನುಕೂಲಕರವಾಗಿದೆ. ನಾಲ್ಕು ಆಯ್ಕೆಗಳಿಗೆ ಕ್ರಮವಾಗಿ 0, 20, 40, 60 ಅಂಕ ಕೊಟ್ಟು, ಒಂದು ಸೂಚಕಕ್ಕೆ ಸೇರಿದ ಪ್ರಶ್ನೆಗಳ ಸರಾಸರಿ ತೆಗೆಯಲಾಗುತ್ತದೆ. ನಾಲ್ಕು ಪ್ರಶ್ನೆಗಳಿಗೆ 20, 0, 40, 40 ಪಡೆದ ವಿದ್ಯಾರ್ಥಿಯ ಸೂಚಕಾಂಕ 25. ಆ ಪ್ರಶ್ನೆಗಳು ನಿಜವಾಗಿಯೂ ಒಂದೇ ಗುಣವನ್ನು ಅಳೆಯುತ್ತಿವೆಯೇ ಎಂದು ನೋಡಲು ಕ್ರಾನ್‌ಬ್ಯಾಕ್ ಆಲ್ಫಾ (ಒಂದು ಸೂಚಕದ ಪ್ರಶ್ನೆಗಳ ಉತ್ತರಗಳು ಪರಸ್ಪರ ಎಷ್ಟು ಹೊಂದುತ್ತವೆ ಎಂದು ತೋರಿಸುವ ಅಂಕಿ) ಲೆಕ್ಕ ಹಾಕಿ; ಅದು 0.7ರ ಮೇಲಿದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಇಂಟರ್ನ್‌ಶಿಪ್ ಮಾಡಿದಿರಾ, ಪ್ರಾಜೆಕ್ಟ್ ಮಾಡಿದಿರಾ ಎಂಬ ಬಿಡಿ ಚಟುವಟಿಕೆಗಳಿಗೆ ಆಲ್ಫಾ ಅನ್ವಯಿಸುವುದಿಲ್ಲ. ಅವುಗಳನ್ನು ಶೇಕಡಾವಾರು ಹೇಳಿದರೆ ಮುಗಿಯಿತು.

ಉತ್ತರಿಸಿದವರ ಹಂಚಿಕೆ ಮತ್ತು ಪ್ರವೇಶ ಪಟ್ಟಿಯ ಹಂಚಿಕೆ ಬೇರೆಯಾಗಿದ್ದರೆ ತೂಕ ಹೊಂದಿಸಬೇಕು. ಕಾಲೇಜಿನಲ್ಲಿ ವಿದ್ಯಾರ್ಥಿನಿಯರು 60%, ವಿದ್ಯಾರ್ಥಿಗಳು 40% ಇದ್ದು, ಉತ್ತರಿಸಿದವರಲ್ಲಿ ಅವರು 75% ಮತ್ತು 25% ಆಗಿದ್ದಾರೆಂದು ಇಟ್ಟುಕೊಳ್ಳಿ. ವಿದ್ಯಾರ್ಥಿನಿಯರ ಸರಾಸರಿ 38, ವಿದ್ಯಾರ್ಥಿಗಳದ್ದು 30 ಎಂದಾದರೆ ಹಾಗೆಯೇ ಕೂಡಿದಾಗ 36 ಬರುತ್ತದೆ. ವಿದ್ಯಾರ್ಥಿನಿಯರಿಗೆ 0.8 (60/75), ವಿದ್ಯಾರ್ಥಿಗಳಿಗೆ 1.6 (40/25) ತೂಕ ಕೊಟ್ಟರೆ ಅದು 34.8ಕ್ಕೆ ಇಳಿಯುತ್ತದೆ. ಆದರೆ ಉತ್ತರಿಸದೆ ಉಳಿದ ಹುಡುಗರು ಉತ್ತರಿಸಿದ ಹುಡುಗರಂತೆಯೇ ಇದ್ದಾರೆ ಎಂಬ ನಂಬಿಕೆ ಈ ಲೆಕ್ಕದೊಳಗೆ ಅಡಗಿದೆ.

ಎರಡು ವಿಭಾಗಗಳ ನಡುವಿನ ವ್ಯತ್ಯಾಸ ದೊಡ್ಡದೇ ಎಂದು ತಿಳಿಯಲು, ಸರಾಸರಿಗಳ ಅಂತರವನ್ನು ಮಾನಕ ವಿಚಲನೆಯಿಂದ (ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಅಳತೆಯಿಂದ) ಭಾಗಿಸಿ. ಅಂತರ 3, ವಿಚಲನೆ 15 ಆದರೆ 0.2. ತನ್ನ ಸೂಚಕಗಳ ಮಟ್ಟಿಗೆ ನೆಸ್ಸಿ ತಂಡವು 0.1ನ್ನು ಸಣ್ಣದು, 0.3ನ್ನು ಮಧ್ಯಮ, 0.5ನ್ನು ದೊಡ್ಡದು ಎಂದು ಓದುತ್ತದೆ. ಅದೇ ಸಮೀಕ್ಷೆಯ ಅನುಭವವು ಇನ್ನೊಂದು ಸಂಗತಿಯನ್ನು ಮತ್ತೆ ಮತ್ತೆ ತೋರಿಸಿದೆ: ಸಂಸ್ಥೆ ಸಂಸ್ಥೆಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ಸಂಸ್ಥೆಯೊಳಗಿನ ವಿದ್ಯಾರ್ಥಿಗಳ ನಡುವಿನ ವ್ಯತ್ಯಾಸ ಬಹಳ ಹೆಚ್ಚು. ಆದ್ದರಿಂದ ಒಂದು ಸರಾಸರಿಯನ್ನು ಚೌಕಟ್ಟು ಹಾಕಿ ತೋರಿಸುವ ಬದಲು, ಕೆಳಗಿನ ಕಾಲು ಭಾಗದಲ್ಲಿ ಯಾರಿದ್ದಾರೆ ಎಂದು ಹುಡುಕಿ. ಹಾಸ್ಟೆಲಿನವರೇ, ದಿನಾ ಊರಿನಿಂದ ಬರುವವರೇ, ಕೆಲಸ ಮಾಡುತ್ತ ಓದುವವರೇ ಎಂಬ ಉತ್ತರದಲ್ಲಿಯೇ ಮುಂದಿನ ಕೆಲಸದ ಸುಳಿವು ಇರುತ್ತದೆ.

ಇಂಥ ಸಮೀಕ್ಷೆಗಳ ನೆಚ್ಚಿಕೆಯ ಬಗ್ಗೆ ಗಂಭೀರ ಆಕ್ಷೇಪಗಳೂ ಇವೆ. ವಿದ್ಯಾರ್ಥಿಗಳಿಗೆ ತಾವು ಎಷ್ಟು ಸಲ ಏನು ಮಾಡಿದೆವೆಂಬುದು ನಿಖರವಾಗಿ ನೆನಪಿರುವುದಿಲ್ಲ, ತಮ್ಮ ಬಗೆಗಿನ ಒಟ್ಟಾರೆ ಅನಿಸಿಕೆಯಿಂದ ಅಂದಾಜಿಸುತ್ತಾರೆ ಎಂದು ಸ್ಟೀಫನ್ ಪೋರ್ಟರ್ 2011ರಲ್ಲಿ ವಾದಿಸಿದ್ದರು. ಈ ಮಾತಿನಲ್ಲಿ ಹುರುಳಿದೆ. ಗ್ರಂಥಾಲಯದ ಎರವಲು ದಾಖಲೆ ಅಥವಾ ಸಲ್ಲಿಕೆಯಾದ ಅಸೈನ್‌ಮೆಂಟ್‌ಗಳ ಎಣಿಕೆಯೊಂದಿಗೆ ಒಂದೆರಡು ಪ್ರಶ್ನೆಗಳ ಒಟ್ಟು ಉತ್ತರವನ್ನಾದರೂ ಹೋಲಿಸಿ ನೋಡಿ. ವಿದ್ಯಾರ್ಥಿಗಳು ಹೇಳಿದ್ದು ದಾಖಲೆಗಿಂತ ದುಪ್ಪಟ್ಟಾಗಿದ್ದರೆ ಅದನ್ನು ವರದಿಯಲ್ಲಿ ಮುಚ್ಚಿಡಬೇಡಿ.

ಏಳನೆಯ ಹೆಜ್ಜೆ: ಫಲಿತಾಂಶವನ್ನು ಮರಳಿಸುವುದು

ಫಲಿತಾಂಶ ಬಿಡುಗಡೆ ಮಾಡುವ ಮೊದಲು ಅಧ್ಯಾಪಕರಿಗೂ ಅದೇ ಪ್ರಶ್ನೆಗಳನ್ನು ಕೊಟ್ಟು, ವಿದ್ಯಾರ್ಥಿಗಳು ಏನು ಉತ್ತರಿಸಿರಬಹುದೆಂದು ಊಹಿಸಲು ಹೇಳಿ. ಇಂಡಿಯಾನಾದ ತಂಡವೂ ಅಧ್ಯಾಪಕರಿಗಾಗಿಯೇ ಪ್ರತ್ಯೇಕ ಸಮೀಕ್ಷೆಯೊಂದನ್ನು 2003ರಿಂದ ನಡೆಸುತ್ತಿದೆ. ತಮ್ಮ ಊಹೆ ಮತ್ತು ವಿದ್ಯಾರ್ಥಿಗಳ ಉತ್ತರದ ನಡುವಿನ ಅಂತರವನ್ನು ಕಂಡ ವಿಭಾಗದ ಸಭೆಯಲ್ಲಿ ನಡೆಯುವ ಚರ್ಚೆ, ಎಂಬತ್ತು ಪುಟದ ವರದಿಯಿಂದ ಹುಟ್ಟುವುದಿಲ್ಲ. ವಿಭಾಗಗಳನ್ನು ಮೊದಲು, ಎರಡು, ಮೂರು ಎಂದು ಸಾಲಾಗಿ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದರೆ ಮುಂದಿನ ಬಾರಿ ಅಧ್ಯಾಪಕರೇ ವಿದ್ಯಾರ್ಥಿಗಳಿಗೆ ಉತ್ತರ ಹೇಳಿಕೊಡುತ್ತಾರೆ. ಹತ್ತಕ್ಕಿಂತ ಕಡಿಮೆ ಮಂದಿ ಇರುವ ಗುಂಪಿನ ಅಂಕಿಗಳನ್ನೂ ಪ್ರಕಟಿಸಬೇಡಿ, ಯಾರು ಏನು ಹೇಳಿದರೆಂದು ಊಹಿಸುವುದು ಆಗ ಕಷ್ಟವಲ್ಲ.

ವಿದ್ಯಾರ್ಥಿಗಳಿಗೆ ಒಂದೇ ಪುಟ ಸಾಕು: ನೀವು ಹೇಳಿದ್ದು ಇದು, ನಾವು ಮಾಡುವುದು ಇದು, ಸದ್ಯಕ್ಕೆ ಮಾಡಲಾಗದ್ದು ಇದು. ಅದು ಕನ್ನಡದಲ್ಲಿ, ನೋಟಿಸ್ ಬೋರ್ಡಿನಲ್ಲಿ ಮತ್ತು ತರಗತಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಅದೇ ಸೆಮಿಸ್ಟರ್ ಮುಗಿಯುವುದರೊಳಗೆ ಬರಬೇಕು. ಸಂಜೆಯ ಬಸ್ಸಿನ ಸಮಯಕ್ಕೆ ಹೊಂದುವಂತೆ ಮಧ್ಯಾಹ್ನ ಒಂದು ಗಂಟೆಯ ಗ್ರಂಥಾಲಯ ಅವಧಿಯನ್ನು ವೇಳಾಪಟ್ಟಿಗೆ ಸೇರಿಸಿದರೂ ಅದು ಒಂದು ಉತ್ತರವೇ.

ಮುಂದಿನ ಸಮೀಕ್ಷೆ ಎರಡು ಅಥವಾ ಮೂರು ವರ್ಷಗಳ ನಂತರ, ಅದೇ ವಾರಗಳಲ್ಲಿ, ಅದೇ ಪದಗಳಲ್ಲಿ ನಡೆಯಲಿ. ಪ್ರಶ್ನೆಯ ಒಂದು ಪದ ಬದಲಾದರೂ ಹಳೆಯ ಅಂಕಿಯೊಂದಿಗೆ ಹೋಲಿಕೆ ಮುರಿಯುತ್ತದೆ. ಸರ್ಕಾರಿ ಕಾಲೇಜುಗಳಲ್ಲಿ ಸಂಯೋಜಕರು ಆ ವೇಳೆಗೆ ವರ್ಗಾವಣೆಯಾಗಿ ಹೋಗಿರುತ್ತಾರೆ. ಆದ್ದರಿಂದ ಅಂತಿಮ ಪ್ರಶ್ನಾವಳಿ, ಯಾವ ಉತ್ತರಕ್ಕೆ ಯಾವ ಅಂಕ ಎಂಬ ಪಟ್ಟಿ, ಮಾದರಿಯನ್ನು ಆರಿಸಿದ ಬಗೆ, ಬಿಟ್ಟ ಉತ್ತರಗಳ ನಿಯಮ, ಹೆಸರು ಅಳಿಸಿದ ಮೂಲ ದತ್ತಾಂಶ, ಇಷ್ಟನ್ನೂ ಒಂದು ಫೋಲ್ಡರಿನಲ್ಲಿ ಹಾಕಿ, ಸ್ವಂತ ಲ್ಯಾಪ್‌ಟಾಪಿನಲ್ಲಿ ಉಳಿಸಿಕೊಳ್ಳದೆ ಕಾಲೇಜಿನ ಖಾತೆಯಲ್ಲಿ ಇರಿಸಿ, ಅದರ ಒಂದು ಮುದ್ರಿತ ಪ್ರತಿಯನ್ನು ಐಕ್ಯೂಎಸಿ ಕಡತಕ್ಕೆ ಸೇರಿಸಿ ಸಹಿ ಪಡೆದುಕೊಳ್ಳಿ.